ಒಂದು ಶಾಲೆ, ನಾಲ್ವರು ನಿರ್ದೇಶಕರು

ಪತ್ರದ ಸಾರ: ಬೇಸಿಗೆ ರಜೆಯಲ್ಲಿ ಮಗಳ ಜೊತೆ ಕೂತು ಹ್ಯಾರಿ ಪಾಟರ್‌ನ ಎಂಟೂ ಸಿನಿಮಾ ನೋಡಿ ಮುಗಿಸಿದೆ. ಪುಸ್ತಕಗಳನ್ನು ನಾವಿಬ್ಬರೂ ಓದಿದವರೇ. ಮೊದಲ ಎರಡು ಚಿತ್ರ ಪುಸ್ತಕ ಇದ್ದ ಹಾಗೇ ಇವೆ. ಮೂರನೆಯದಕ್ಕೆ ಬಂದರೆ ಶಾಲೆಯ ಸುತ್ತಲಿನ ಜಾಗವೇ ಬೇರೆ, ಮಕ್ಕಳ ಬಟ್ಟೆ ಬೇರೆ, ಬಣ್ಣ ಬೇರೆ. ನಾಲ್ಕನೆಯದರಲ್ಲಿ ಶಾಂತಮೂರ್ತಿ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಹುಡುಗನನ್ನು ಹಿಡಿದು ಅಲ್ಲಾಡಿಸುತ್ತಾರೆ! ನಿರ್ದೇಶಕರನ್ನು ಬದಲಾಯಿಸುತ್ತಾ ಹೋಗಿದ್ದರಿಂದಲೇ ಸರಣಿ ಕೆಟ್ಟಿತು ಎಂಬುದು ನನ್ನ ವಾದ. ಮಗಳು ಮೂರನೆಯದೇ ಎಲ್ಲಕ್ಕಿಂತ ಚೆನ್ನ ಅನ್ನುತ್ತಾಳೆ. ಒಬ್ಬರೇ ಎಂಟನ್ನೂ ಮಾಡಿದ್ದರೆ ಒಳ್ಳೆಯದಿತ್ತಲ್ಲವೇ? — ಓದುಗರೊಬ್ಬರು, ಹೊನ್ನಾವರ

ಮಾನ್ಯರೇ,

ಮೊದಲಿಗೇ ಹೇಳಿಬಿಡುತ್ತೇನೆ, ಮೂರನೆಯ ಚಿತ್ರದ ವಿಷಯದಲ್ಲಿ ನಾನು ನಿಮ್ಮ ಮಗಳ ಕಡೆ. ಡಂಬಲ್‌ಡೋರ್ ವಿಷಯದಲ್ಲಿ ಪೂರ್ತಿ ನಿಮ್ಮ ಕಡೆ.

ಮೊದಲ ಎರಡು ಚಿತ್ರಗಳು ಪುಸ್ತಕ ಇದ್ದ ಹಾಗೇ ಇವೆ ಅನ್ನುತ್ತೀರಿ. ನಿಜ. ಆದರೆ ಅದಕ್ಕೆ ನಿರ್ದೇಶಕ ಕ್ರಿಸ್ ಕೊಲಂಬಸ್ ಅವರ ನಿಷ್ಠೆಯಷ್ಟೇ ಪುಸ್ತಕದ ಗಾತ್ರವೂ ಕಾರಣ. ಮೊದಲ ಪುಸ್ತಕದ ಬ್ರಿಟಿಷ್ ಆವೃತ್ತಿ 223 ಪುಟ, ಚಿತ್ರ 152 ನಿಮಿಷ. ಐದನೆಯ ಪುಸ್ತಕ 766 ಪುಟ, ಚಿತ್ರ 138 ನಿಮಿಷ. ಕೊಲಂಬಸ್‌ಗೆ ಸಿಕ್ಕ ಆ ಸಾವಕಾಶ ಆಮೇಲೆ ಬಂದ ಯಾರಿಗೂ ಸಿಗಲಿಲ್ಲ. ಹಾಗಂತ ಅವರ ಕೆಲಸ ಸಣ್ಣದೆಂದು ನಾನು ಎಂದೂ ಹೇಳುವುದಿಲ್ಲ. ಆ ಮೂವರು ಮಕ್ಕಳನ್ನು ಆರಿಸಿದ ಕಾಲದ ನಿರ್ದೇಶಕ ಅವರು. ಶಾಲೆಯ ಅಧ್ಯಾಪಕರಲ್ಲಿ ಸ್ನೇಪ್‌ಗೆ ಅಲನ್ ರಿಕ್‌ಮನ್, ಮೆಕ್‌ಗೊನಗಲ್‌ಗೆ ಮ್ಯಾಗಿ ಸ್ಮಿತ್ ಬಂದದ್ದೂ ಆಗಲೇ. ಹತ್ತು ವರ್ಷ, ಎಂಟು ಚಿತ್ರ ನಿಂತದ್ದು ಆ ಅಡಿಪಾಯದ ಮೇಲೆ. ಅವರ ಕ್ಯಾಮೆರಾ ಮಾತ್ರ ಮೊದಲ ಸಲ ಆ ಶಾಲೆಗೆ ಬಂದ ಮಗುವಿನದು. ತೇಲುವ ಮೇಣದಬತ್ತಿ, ಸರಿದಾಡುವ ಮೆಟ್ಟಿಲು, ಗೋಡೆಯ ಮೇಲೆ ಮಾತಾಡುವ ಪಟಗಳು, ಒಂದೊಂದನ್ನೂ ನಿಂತು ನೋಡುತ್ತದೆ. ಹನ್ನೊಂದು ವರ್ಷದ ಹುಡುಗನ ಕತೆಗೆ ಅದೇ ಸರಿ.

ಹದಿಮೂರಕ್ಕೆ ಅದು ಸಾಲದು. 2004ರ ಮೂರನೆಯ ಚಿತ್ರಕ್ಕೆ ಬಂದವರು ಮೆಕ್ಸಿಕೊದ ಅಲ್ಫಾನ್ಸೊ ಕ್ವಾರೋನ್. ಅಲ್ಲಿಯವರೆಗೆ ಅವರು ಈ ಪುಸ್ತಕಗಳನ್ನು ಓದಿಯೇ ಇರಲಿಲ್ಲ. ಗೆಳೆಯ, ನಿರ್ದೇಶಕ ಗಿಲೆರ್ಮೊ ದೆಲ್ ತೋರೊ ಚೆನ್ನಾಗಿ ಬೈದ ಮೇಲೆ ಓದಿದರು. ಮೂವರು ಮಕ್ಕಳಿಗೂ ನಿಮ್ಮ ನಿಮ್ಮ ಪಾತ್ರದ ಬಗ್ಗೆ ಪ್ರಬಂಧ ಬರೆದುಕೊಂಡು ಬನ್ನಿ ಎಂದರು. ಎಮ್ಮಾ ವಾಟ್ಸನ್ 16 ಪುಟ ಬರೆದರು, ಡೇನಿಯಲ್ ರ‍್ಯಾಡ್‌ಕ್ಲಿಫ್ ಒಂದು ಪುಟ, ರೂಪರ್ಟ್ ಗ್ರಿಂಟ್ ಏನೂ ಬರೆಯಲಿಲ್ಲ. ಹರ್ಮಯನಿ, ಹ್ಯಾರಿ, ರಾನ್ ಮಾಡುತ್ತಿದ್ದದ್ದೂ ಅದನ್ನೇ. ಮಕ್ಕಳು ಪಾತ್ರದೊಳಕ್ಕೆ ಇಳಿದಿದ್ದಾರೆ ಎಂಬುದು ಅವರಿಗೆ ಅಲ್ಲೇ ಗೊತ್ತಾಗಿರಬೇಕು.

ಬಟ್ಟೆ ಬದಲಾದದ್ದು ನಿಮಗೆ ಕಿರಿಕಿರಿಯಾಗಿದೆ. ಅದರ ಹಿಂದೆ ಒಂದು ಯೋಚನೆಯಿದೆ. ಆ ವಯಸ್ಸಿನ ಮಕ್ಕಳು ಸಮವಸ್ತ್ರವನ್ನೂ ತಮ್ಮದೇ ರೀತಿಯಲ್ಲಿ ಹಾಕಿಕೊಳ್ಳುತ್ತಾರೆ. ಒಬ್ಬನ ಟೈ ಸಡಿಲ, ಇನ್ನೊಬ್ಬನ ಅಂಗಿ ಪ್ಯಾಂಟಿನಿಂದ ಹೊರಗೆ. ಕ್ಲಾಸು ಮುಗಿದರೆ ಜೀನ್ಸು. ಶಾಲೆಯ ಸುತ್ತಲಿನ ಜಾಗಕ್ಕೂ ಇದೇ ಮಾತು. ಸ್ಕಾಟ್ಲೆಂಡಿನ ಗ್ಲೆನ್‌ಕೋ ಕಣಿವೆಯಲ್ಲಿ ಚಿತ್ರೀಕರಿಸಿ, ಹ್ಯಾಗ್ರಿಡ್‌ನ ಗುಡಿಸಲನ್ನು ಇಳಿಜಾರಿನ ಕೆಳಗಿಟ್ಟರು. ಗಡಿಯಾರದ ಗೋಪುರ ಬಂತು, ಉದ್ದನೆಯ ಮರದ ಸೇತುವೆ ಬಂತು. ಕೋಟೆಯಿಂದ ಗುಡಿಸಲಿಗೆ ಹೋಗಬೇಕಾದರೆ ಎಷ್ಟು ದೂರ ಇಳಿಯಬೇಕು ಎಂಬುದು ನೋಡುವವರಿಗೆ ಆಗ ಮೊದಲ ಸಲ ಅಂದಾಜಾಯಿತು. ಕಾಲವನ್ನು ಹಿಂದಕ್ಕೆ ತಿರುಗಿಸಿ ಅದೇ ದಾರಿಯಲ್ಲಿ ಎರಡು ಸಲ ಓಡುವ ಕತೆಗೆ ಆ ಅಂದಾಜು ಬೇಕೇ ಬೇಕು.

ಒಂದು ದೃಶ್ಯವನ್ನು ಇನ್ನೊಮ್ಮೆ ಹಾಕಿಕೊಂಡು ನೋಡಿ. ಲೀಕಿ ಕಾಲ್ಡ್ರನ್ ಹೋಟೆಲಿನಲ್ಲಿ ರಾನ್‌ನ ಅಪ್ಪ ಹ್ಯಾರಿಯನ್ನು ಪಕ್ಕಕ್ಕೆ ಕರೆದು, ಸಿರಿಯಸ್ ಬ್ಲ್ಯಾಕ್ ಜೈಲಿನಿಂದ ತಪ್ಪಿಸಿಕೊಂಡಿರುವುದು ನಿನಗಾಗಿಯೇ ಎಂದು ಎಚ್ಚರಿಸುತ್ತಾರೆ. ಪುಸ್ತಕದಲ್ಲಿ ಹ್ಯಾರಿಗೆ ಈ ಸಂಗತಿ ಮೊದಲು ತಿಳಿಯುವುದು ದೊಡ್ಡವರ ಮಾತು ಕದ್ದು ಕೇಳಿ. ಚಿತ್ರದಲ್ಲಿ ಅಪ್ಪನ ಸ್ಥಾನದಲ್ಲಿರುವವರೊಬ್ಬರು ನೇರ ಹೇಳುತ್ತಾರೆ. ಕ್ಯಾಮೆರಾ ಕಟ್ ಆಗದೆ ಬಹಳ ಹೊತ್ತು ಅವರಿಬ್ಬರ ಜೊತೆಗೇ ಸರಿಯುತ್ತದೆ, ಕಂಬದ ಮರೆಗೆ ಹೋದರೂ ಬಿಡುವುದಿಲ್ಲ. ಹಿಂದೆ ಗೋಡೆಯ ಮೇಲಿನ ಪೋಸ್ಟರಿನಲ್ಲಿ ಸಿರಿಯಸ್ ಕಿರುಚುತ್ತಲೇ ಇರುತ್ತಾನೆ. ಮುಖಕ್ಕೆ ಕ್ಲೋಸಪ್ ಹಾಕಿ, ಸಂಗೀತ ಏರಿಸಿ ನಮ್ಮನ್ನು ಹೆದರಿಸುವ ಗೋಜಿಗೆ ಕ್ವಾರೋನ್ ಹೋಗುವುದಿಲ್ಲ. ಪುಸ್ತಕ ಬದಲಾಗಿದೆ, ಒಪ್ಪೋಣ. ಆದರೆ ಅಪ್ಪನಿಲ್ಲದ ಹುಡುಗನೊಬ್ಬ ಅಪ್ಪನಂಥವರನ್ನು ಹುಡುಕುವ ಕತೆ ಇದು. ಆ ತಿರುಳು ಈ ಒಂದು ದೃಶ್ಯದಲ್ಲಿ ಪೂರ್ತಿ ಇದೆ.

ಈ ಚಿತ್ರದ ಮೇಲೆ ನನಗೂ ಒಂದು ಸಿಟ್ಟಿದೆ, ಮಗಳಿಗೆ ಹೇಳಿ. ಹ್ಯಾರಿಯ ಕೈಗೆ ಸಿಗುವ ಶಾಲೆಯ ಮಾಂತ್ರಿಕ ನಕಾಶೆಯನ್ನು ಬರೆದ ನಾಲ್ವರು ಯಾರು, ಹ್ಯಾರಿಯ ಅಪ್ಪ ಜಿಂಕೆಯ ರೂಪ ತಾಳುತ್ತಿದ್ದದ್ದು ಯಾಕೆ ಎಂಬುದನ್ನು ಚಿತ್ರ ಹೇಳುವುದೇ ಇಲ್ಲ. ಕೊನೆಯಲ್ಲಿ ಸರೋವರದ ದಡದಲ್ಲಿ ಬೆಳ್ಳಿಯ ಜಿಂಕೆ ಕಾಣಿಸಿದಾಗ ಓದಿದವರ ಕಣ್ಣು ತುಂಬುತ್ತದೆ, ಓದದವರಿಗೆ ಅದು ಬರೀ ಚಂದದ ಜಿಂಕೆ. ಎರಡು ನಿಮಿಷದ ಮಾತಿನಲ್ಲಿ ಸರಿಹೋಗುತ್ತಿದ್ದ ಸಂಗತಿ.

ಇನ್ನು ಡಂಬಲ್‌ಡೋರ್. ಮೊದಲ ಎರಡರಲ್ಲಿ ಆ ಪಾತ್ರ ಮಾಡಿದ ರಿಚರ್ಡ್ ಹ್ಯಾರಿಸ್ 2002ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮೂರನೆಯದರಿಂದ ಮೈಕಲ್ ಗ್ಯಾಂಬನ್ ಬಂದರು. ನಟ ಬದಲಾದದ್ದೇ ಕಾರಣ ಎನ್ನೋಣವೆಂದರೆ, ಅದೇ ಗ್ಯಾಂಬನ್ ಮೂರನೆಯದರಲ್ಲಿ ಎಷ್ಟು ಹಗುರಾಗಿ, ಗುಟ್ಟು ಬಿಡದೆ ಓಡಾಡುತ್ತಾರೆ ನೋಡಿ. ನಾಲ್ಕನೆಯದರಲ್ಲಿ, ಪಂದ್ಯಾವಳಿಗೆ ಸ್ಪರ್ಧಿಗಳನ್ನು ಆರಿಸುವ ಬೆಂಕಿಯ ಬಟ್ಟಲಿನಿಂದ ಹ್ಯಾರಿಯ ಹೆಸರು ಬಂದ ಮೇಲೆ, ಹೆಸರು ಹಾಕಿದ್ದು ನೀನೇನಾ ಎಂದು ಡಂಬಲ್‌ಡೋರ್ ಶಾಂತವಾಗಿ ಕೇಳಿದರು ಎಂದೇ ಪುಸ್ತಕದಲ್ಲಿದೆ. ನಾಲ್ಕನೆಯದರ ನಿರ್ದೇಶಕ ಮೈಕ್ ನ್ಯೂವೆಲ್ ಈ ಕತೆಯನ್ನು ಥ್ರಿಲ್ಲರ್ ಮಾಡಲು ಹೊರಟಿದ್ದರು. ಥ್ರಿಲ್ಲರಿಗೆ ಓಟ ಬೇಕು, ಹೆದರಿದ ದೊಡ್ಡವರು ಬೇಕು. ಹಾಗಾಗಿ ಮುಖ್ಯೋಪಾಧ್ಯಾಯರು ಓಡಿ ಬಂದು ಹುಡುಗನ ಮೇಲೆ ಎಗರಿದರು. ಅದು ತಪ್ಪು, ದೊಡ್ಡ ತಪ್ಪು. ಶಾಲೆಯಲ್ಲಿ ಎಲ್ಲರೂ ಕಂಗೆಟ್ಟಾಗ ಕಂಗೆಡದ ಒಬ್ಬರಿದ್ದಾರೆ ಎಂಬ ಧೈರ್ಯದ ಮೇಲೆಯೇ ಮುಂದಿನ ಎರಡು ಪುಸ್ತಕ ನಿಂತಿವೆ.

ಆದರೆ ಅದೇ ನ್ಯೂವೆಲ್ ಅದೇ ಚಿತ್ರದ ಕೊನೆಗೆ ಏನು ಮಾಡಿದ್ದಾರೆ ನೆನಪಿಸಿಕೊಳ್ಳಿ. ಹ್ಯಾರಿ ತನ್ನ ಜೊತೆ ಸ್ಪರ್ಧಿಸಿದ ಸೆಡ್ರಿಕ್‌ನ ಹೆಣವನ್ನು ತಬ್ಬಿಕೊಂಡು ಮೈದಾನಕ್ಕೆ ಬಂದು ಬೀಳುತ್ತಾನೆ. ಗೆದ್ದು ಬಂದರೆಂದು ಜನ ಎದ್ದು ಕೂಗುತ್ತಾರೆ, ಬ್ಯಾಂಡು ಜೋರಾಗಿ ಬಾರಿಸುತ್ತದೆ. ಒಬ್ಬೊಬ್ಬರಿಗಾಗಿ ಗೊತ್ತಾಗುತ್ತಾ ಹೋಗುತ್ತದೆ. ಆಮೇಲೆ ಅಪ್ಪ ಜನರನ್ನು ತಳ್ಳಿಕೊಂಡು ಬಂದು ನನ್ನ ಮಗ, ನನ್ನ ಮಗ ಎಂದು ಗೋಳಿಡುತ್ತಾನೆ. ಇಡೀ ಸರಣಿಯಲ್ಲಿ ಸಾವು ಇಷ್ಟು ಹತ್ತಿರ ಬಂದದ್ದು ಬೇರೆಲ್ಲೂ ಇಲ್ಲ. 636 ಪುಟದ ಪುಸ್ತಕವನ್ನು ಎರಡು ಚಿತ್ರ ಮಾಡುವ ಮಾತು ಬಂದಾಗ ಒಂದೇ ಸಾಕು ಎಂದವರು ನ್ಯೂವೆಲ್. ವಿಶ್ವಕಪ್ ಕ್ವಿಡಿಚ್ ಪಂದ್ಯ ಹೋಯಿತು, ಮನೆಗೆಲಸದ ಡಾಬಿ ಹೋದ. ಆ ಮೈದಾನದ ದೃಶ್ಯಕ್ಕಾಗಿ ನಾನು ಅದನ್ನೆಲ್ಲ ಬಿಟ್ಟುಕೊಡಬಲ್ಲೆ.

ಐದರಿಂದ ಕೊನೆಯವರೆಗೆ ಡೇವಿಡ್ ಯೇಟ್ಸ್. ನಿಮ್ಮ ‘ಒಬ್ಬರೇ ನಿರ್ದೇಶಕ’ ಎಂಬ ಆಸೆ ಅರ್ಧ ಸರಣಿಗಾದರೂ ಈಡೇರಿದೆ! ಬ್ರಿಟಿಷ್ ಟೀವಿಯಲ್ಲಿ ರಾಜಕೀಯದ ಕತೆಗಳನ್ನು ಮಾಡಿ ಬಂದವರು ಅವರು. ಐದನೆಯದರಲ್ಲಿ ಅದು ಎದ್ದು ಕಾಣುತ್ತದೆ. ಸರ್ಕಾರ ಶಾಲೆಗೆ ಕಳಿಸಿದ ಅಂಬ್ರಿಜ್‌ಳ ಒಂದೊಂದು ಆಜ್ಞೆಗೂ ಶಾಲೆಯ ಮೇಲ್ವಿಚಾರಕ ಫಿಲ್ಚ್ ಏಣಿ ಹತ್ತಿ ಗೋಡೆಗೆ ಮೊಳೆ ಹೊಡೆಯುತ್ತಾನೆ, ಗೋಡೆ ತುಂಬುತ್ತಾ ಹೋಗುತ್ತದೆ. ಹತ್ತಾರು ಪುಟದ ದಬ್ಬಾಳಿಕೆ ಒಂದು ಸುತ್ತಿಗೆಯ ಸದ್ದಿನಲ್ಲಿ ಬಂತು. ಕೊನೆಗೆ ವೀಸ್ಲಿ ಅವಳಿಗಳ ಪಟಾಕಿಗೆ ಆ ಚೌಕಟ್ಟುಗಳೆಲ್ಲ ಉದುರಿ ಒಡೆಯುತ್ತವೆ.

ಆರನೆಯದು ನನಗೆ ನುಂಗಲಾರದ ತುತ್ತು. ಛಾಯಾಗ್ರಾಹಕ ಬ್ರೂನೊ ಡೆಲ್ಬೊನೆಲ್ ಅದಕ್ಕೆ ಕೊಟ್ಟ ಮಬ್ಬು ಹಸಿರು ಬಣ್ಣ ಬಹಳ ಚೆಂದ, ಆಸ್ಕರ್‌ಗೆ ನಾಮನಿರ್ದೇಶನವೂ ಆಯಿತು. ಆದರೆ ಖಳನಾಯಕ ವೋಲ್ಡೆಮಾರ್ಟ್ ಹಾಗಾದದ್ದು ಹೇಗೆ ಎಂದು ತೋರಿಸುವ ನೆನಪುಗಳಲ್ಲಿ ಹೆಚ್ಚಿನವು ಕತ್ತರಿಗೆ ಹೋದವು. ಅವನ ತಾಯಿ ಮೆರೋಪಿ, ಆ ಗಾಂಟ್ ಮನೆತನದ ಹೊಲಸು ಗುಡಿಸಲು, ಯಾವುದೂ ಇಲ್ಲ. ಅದರ ಬದಲು ಪುಸ್ತಕದಲ್ಲಿಲ್ಲದ ಒಂದು ಬೆಂಕಿ: ವೀಸ್ಲಿಗಳ ಮನೆ ಉರಿಯುತ್ತದೆ, ಯಾಕೆಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ. ಎಂಟನೆಯದರ ಕೊನೆಯ ಕಾಳಗವೂ ಹಾಗೆಯೇ. ಲೇಖಕಿ ರೋಲಿಂಗ್ ಅದನ್ನು ದೊಡ್ಡ ಸಭಾಂಗಣದಲ್ಲಿ, ಎಲ್ಲರ ಎದುರು ನಡೆಸುತ್ತಾರೆ. ಸತ್ತ ವೋಲ್ಡೆಮಾರ್ಟ್ ಎಲ್ಲರಂಥದ್ದೇ ಒಂದು ಹೆಣವಾಗಿ ನೆಲಕ್ಕೆ ಬೀಳುತ್ತಾನೆ. ಸಾವಿಗೆ ಹೆದರಿ ಇಷ್ಟೆಲ್ಲ ಮಾಡಿದವನಿಗೆ ಅದೇ ಶಿಕ್ಷೆ. ಯೇಟ್ಸ್ ಅವನನ್ನು ಬೂದಿಯ ಚೂರುಗಳಾಗಿ ಗಾಳಿಯಲ್ಲಿ ತೇಲಿಸಿಬಿಟ್ಟರು, ಅದೂ ಯಾರೂ ಇಲ್ಲದ ಅಂಗಳದಲ್ಲಿ. ನೋಡಲು ಭರ್ಜರಿ, ಆದರೆ ಅರ್ಥ ಕಳೆದುಹೋಯಿತು.

ಇಷ್ಟು ಬದಲಾದರೂ ಎಂಟೂ ಒಂದೇ ಲೋಕ ಎನ್ನಿಸುವುದಕ್ಕೆ ಕಾರಣ ನಿರ್ದೇಶಕರ ಆಚೆಗಿದ್ದವರು. ಕಲಾ ವಿನ್ಯಾಸ ಎಂಟಕ್ಕೂ ಸ್ಟುವರ್ಟ್ ಕ್ರೇಗ್ ಅವರದು. ನಿರ್ಮಾಪಕ ಡೇವಿಡ್ ಹೇಮನ್ ಮೊದಲಿಂದ ಕೊನೆಯವರೆಗೆ ಇದ್ದರು. ಐದನೆಯದೊಂದನ್ನು ಬಿಟ್ಟು ಚಿತ್ರಕತೆಯೆಲ್ಲ ಸ್ಟೀವ್ ಕ್ಲೋವ್ಸ್ ಅವರದು. ಐದನೆಯದರ ಚಿತ್ರಕತೆಯಲ್ಲಿ ಕ್ರೀಚರ್ ಎಂಬ ಮನೆಯಾಳನ್ನು ಕೈಬಿಡಲು ಹೊರಟಾಗ, ಮುಂದೆ ಬೇಕಾಗುತ್ತಾನೆ ಎಂದು ರೋಲಿಂಗ್ ತಡೆದರು. ಆಗಿನ್ನೂ ಕೊನೆಯ ಪುಸ್ತಕ ಹೊರಬಂದಿರಲಿಲ್ಲ. ಅದು ಬಂದದ್ದು 2007ರ ಜುಲೈನಲ್ಲಿ, ಐದನೆಯ ಚಿತ್ರ ತೆರೆಗೆ ಬಂದ ತಿಂಗಳೇ. ಕತೆ ಎಲ್ಲಿ ಮುಗಿಯುತ್ತದೆಂದು ತಿಳಿಯದೆ ನಾಲ್ವರೂ ಕೆಲಸ ಶುರು ಮಾಡಿದವರು.

ಒಬ್ಬರೇ ಎಂಟೂ ಮಾಡಬೇಕಿತ್ತೆಂಬ ಮಾತಿಗೆ ಉತ್ತರ ಕೊಲಂಬಸ್ ಅವರಲ್ಲೇ ಇದೆ. 2001ರ ನವೆಂಬರಿನಲ್ಲಿ ಮೊದಲ ಚಿತ್ರ ತೆರೆಕಂಡ ಮೂರೇ ದಿನಕ್ಕೆ ಅವರು ಎರಡನೆಯದರ ಚಿತ್ರೀಕರಣ ಶುರು ಮಾಡಿದರು. ಆಮೇಲೆ ದಣಿದು ನಿರ್ದೇಶನ ಬಿಟ್ಟು, ಮೂರನೆಯದಕ್ಕೆ ನಿರ್ಮಾಪಕರಲ್ಲೊಬ್ಬರಾಗಿ ಉಳಿದರು. ಮಕ್ಕಳು ಬೆಳೆಯುತ್ತಿದ್ದರು, ಕಾಯುವಂತಿರಲಿಲ್ಲ.

ಎಚ್‌ಬಿಒ ಈಗ ಅದೇ ಪುಸ್ತಕಗಳನ್ನು ಟೀವಿ ಸರಣಿಯಾಗಿ ಮತ್ತೆ ಮಾಡುತ್ತಿದೆ. ಗಂಟೆಗಟ್ಟಲೆ ಅವಕಾಶವಿರುವ ಅಲ್ಲಿ ನಿಮ್ಮ ಶಾಂತ ಡಂಬಲ್‌ಡೋರ್ ಸಿಗಬಹುದು. ನನಗೆ ಬೇಕಾಗಿರುವುದು ಮೆರೋಪಿಯ ಕತೆ. ಅದನ್ನು ಯಾರ ಕೈಗೆ ಕೊಡುತ್ತಾರೋ ನೋಡಬೇಕು.

— ಸಂಪಾದಕ