ಮೊದಲ ಸಲ ಬಾಸ್ಟನ್ ಮ್ಯಾರಥಾನ್‌ಗೆ ಹೋಗುತ್ತಿದ್ದೇನೆ. ತಯಾರಿ, ಪ್ರಯಾಣ ಎರಡನ್ನೂ ಹೇಗೆ ಹೊಂದಿಸಲಿ?

ನಿಮ್ಮ ಪ್ರಶ್ನೆ ಇಷ್ಟು. ಬರುವ ಏಪ್ರಿಲ್‌ನ ಬಾಸ್ಟನ್ ಮ್ಯಾರಥಾನ್‌ಗೆ ಜಾಗ ಸಿಕ್ಕಿದೆ. ಇಲ್ಲಿವರೆಗೆ ಓಡಿದ ಎರಡೂ ಮ್ಯಾರಥಾನ್ ಸಪಾಟು ರಸ್ತೆಯವು. ದಾರಿಯಲ್ಲಿ ಬರುವ ಹಾರ್ಟ್‌ಬ್ರೇಕ್ ಹಿಲ್ ಅನ್ನುವ ಏರಿನ ಹೆಸರು ಕೇಳಿದರೇ ಭಯ. ರಜೆ ಕಡಿಮೆ ಇದೆ, ಭಾನುವಾರ ಬಂದಿಳಿದು ಸೋಮವಾರ ಓಡಿದರೆ ನಡೆಯುತ್ತಾ?

ನಡೆಯುತ್ತೆ, ಆದರೆ ಬೇಡ. ಇನ್ನು ಹಾರ್ಟ್‌ಬ್ರೇಕ್ ಹಿಲ್‌ಗೆ ಹೆದರಬೇಡಿ. ಅದಕ್ಕಿಂತ ಮುಂಚೆ ಬರುವ ಇಳಿಜಾರಿಗೆ ಹೆದರಿ.

ನಾನು ಎರಡು ಸಲ ಬಾಸ್ಟನ್ ಓಡಿದ್ದೇನೆ. ಮೊದಲನೇ ಸಲ ಚಳಿಗಾಲವಿಡೀ ಏರು ಹತ್ತಿದ್ದೇ ಹತ್ತಿದ್ದು. ಇಳಿಯುವಾಗ ವಿಶ್ರಾಂತಿ ಅಂತ ಸುಮ್ನೆ ನಡೆದುಕೊಂಡು ಬರುತ್ತಿದ್ದೆ. ಏಪ್ರಿಲ್‌ನಲ್ಲಿ ನನಗೆ ಕೈಕೊಟ್ಟಿದ್ದು ಆ ನಡಿಗೆಯೇ.

ಯಾಕೆ ಅಂತ ಹೇಳ್ತೀನಿ. ಓಟ ಶುರುವಾಗುವ ಹಾಪ್ಕಿಂಟನ್ ಊರು ಸಮುದ್ರ ಮಟ್ಟದಿಂದ ಸುಮಾರು 150 ಮೀಟರ್ ಎತ್ತರದಲ್ಲಿದೆ. ಮುಗಿಯುವ ಬಾಯ್ಲ್‌ಸ್ಟನ್ ಸ್ಟ್ರೀಟ್ ಹೆಚ್ಚುಕಮ್ಮಿ ಸಮುದ್ರ ಮಟ್ಟದಲ್ಲೇ ಇದೆ. ಒಟ್ಟು ಲೆಕ್ಕದಲ್ಲಿ ಸುಮಾರು 140 ಮೀಟರ್ ಇಳಿತ. ಅದರಲ್ಲಿ ಮೊದಲ ಮೈಲಿಯೊಂದರಲ್ಲೇ 40 ಮೀಟರ್‌ನಷ್ಟು ಇಳಿದುಬಿಡುತ್ತೀರಿ. ಇಷ್ಟು ಇಳಿತ ಇರುವುದರಿಂದ, ಜೊತೆಗೆ ಒಂದು ಊರಿಂದ ಇನ್ನೊಂದು ಊರಿಗೆ ನೇರ ಓಡುವ ದಾರಿಯಾದ್ದರಿಂದ, ಇಲ್ಲಿನ ಸಮಯ ವಿಶ್ವ ದಾಖಲೆಗೆ ಲೆಕ್ಕಕ್ಕಿಲ್ಲ. 2011ರಲ್ಲಿ ಕೀನ್ಯಾದ ಜೆಫ್ರಿ ಮುಟಾಯ್ ಬೆನ್ನಿಗೆ ಗಾಳಿ ಹೊತ್ತು 2:03:02ಕ್ಕೆ ಮುಗಿಸಿದರು. ಅಲ್ಲಿವರೆಗೆ ಅಷ್ಟು ಬೇಗ ಯಾರೂ ಮ್ಯಾರಥಾನ್ ಓಡಿರಲಿಲ್ಲ, ಆದರೂ ಅದು ದಾಖಲೆ ಆಗಲಿಲ್ಲ.

ಹಾಗಾದರೆ ಸುಲಭ ಅಲ್ವಾ ಅನಿಸುತ್ತೆ. ನನಗೂ ಅನಿಸಿತ್ತು. ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಹಾಕುತ್ತೆ. ಬಿಗಿಯುತ್ತಲೇ ಉದ್ದವಾಗುತ್ತೆ. ಸ್ನಾಯುವಿನ ಎಳೆಗಳಿಗೆ ಜಾಸ್ತಿ ಪೆಟ್ಟು ಬೀಳುವುದು ಹೀಗೆ ದುಡಿಯುವಾಗಲೇ. ಏರಿನಲ್ಲಿ ಉಸಿರು ಮೇಲೆಕೆಳಗಾಗಿ ನಿಮ್ಮನ್ನು ಎಚ್ಚರಿಸುತ್ತೆ. ಇಳಿಜಾರಿನಲ್ಲಿ ಆ ಎಚ್ಚರಿಕೆ ಇಲ್ಲ. ಉಸಿರು ಹಗುರ, ಜನರ ಕೂಗು, ವಾಚ್‌ನಲ್ಲಿ ಕಾಣುವ ಪೇಸ್ (ಓಟದ ವೇಗ) ನೋಡಿದರೆ ಖುಷಿಯೋ ಖುಷಿ. ನಾನು ಮೊದಲ 5 ಮೈಲಿಯನ್ನು ಅಂದುಕೊಂಡಿದ್ದಕ್ಕಿಂತ ಮೈಲಿಗೆ 15 ಸೆಕೆಂಡ್ ಬೇಗ ಓಡಿದೆ. ನ್ಯೂಟನ್‌ನಲ್ಲಿ ಬಡ್ಡಿ ಸಮೇತ ಕಟ್ಟಿದೆ.

ನ್ಯೂಟನ್ ಅಂದರೆ 16ನೇ ಮೈಲಿಯಿಂದ ಸಿಗುವ ಊರು. ಮೊದಲು ಲೋವರ್ ಫಾಲ್ಸ್ ಹತ್ತಿರ ದಾರಿ ದಡಕ್ಕನೆ ಇಳಿಯುತ್ತೆ, ಆಮೇಲೆ ಹೆದ್ದಾರಿಯ ಮೇಲಿನ ಸೇತುವೆಗೆ ಏರುತ್ತೆ. ಒಂದಿಷ್ಟು ದೂರ ಹೋದರೆ ಅಗ್ನಿಶಾಮಕ ಠಾಣೆ. ಅಲ್ಲಿ ಬಲಕ್ಕೆ ತಿರುಗಿ ಕಾಮನ್‌ವೆಲ್ತ್ ಅವೆನ್ಯೂ ಹಿಡಿಯಬೇಕು. ಒಟ್ಟು ನಾಲ್ಕು ಏರು. ಕೊನೆಯದೇ ಹಾರ್ಟ್‌ಬ್ರೇಕ್, 20 ಮತ್ತು 21ನೇ ಮೈಲಿಯ ನಡುವೆ. ಉದ್ದ 600 ಮೀಟರ್ ಆಸುಪಾಸು, ಏರು 27 ಮೀಟರ್‌ನಷ್ಟು. ಬೇರೆ ದಿನ ಬೇರೆ ಕಡೆ ಇದ್ದಿದ್ದರೆ ನೀವು ಅದನ್ನು ಗುಡ್ಡ ಅಂತಲೂ ಕರೆಯುತ್ತಿರಲಿಲ್ಲ. ಹೆಸರು ಬಂದಿದ್ದು 1936ರಲ್ಲಿ. ಹಿಂದಿನ ವರ್ಷ ಗೆದ್ದಿದ್ದ ಜಾನಿ ಕೆಲ್ಲಿ ಇಲ್ಲಿ ಎಲಿಸನ್ ಬ್ರೌನ್‌ರನ್ನು ಹಿಡಿದು, ಹೋಗುವಾಗ ಅವರ ಬೆನ್ನು ತಟ್ಟಿದರು. ಬ್ರೌನ್‌ಗೆ ಅದೇ ಚುರುಕು ಮುಟ್ಟಿಸಿತು. ಮತ್ತೆ ಮುಂದೆ ಹೋಗಿ ಗೆದ್ದೇಬಿಟ್ಟರು. ಕೆಲ್ಲಿಯ ಎದೆ ಒಡೆದ ಜಾಗ ಅಂತ ಪತ್ರಿಕೆಯವರು ಬರೆದರು. ಓಡುವಾಗ ಯಾರ ಬೆನ್ನನ್ನೂ ತಟ್ಟಬೇಡಿ ಅಂತ ನಾವು ತಮಾಷೆ ಮಾಡುವುದುಂಟು.

ಆ ಏರು ಹತ್ತಿದ ಮೇಲೆ ಬಾಸ್ಟನ್ ಕಾಲೇಜು ಪಕ್ಕದಲ್ಲಿ ಮತ್ತೆ ಇಳಿಜಾರು. ಎಲ್ಲರೂ ಇನ್ನು ಮುಗಿಯಿತು ಅಂದುಕೊಳ್ಳುವ ಜಾಗ. ನನಗೆ ಅಲ್ಲೇ ತೊಡೆ ಕಲ್ಲಾಯಿತು. ಏರನ್ನು ಓಡಿಯೇ ಹತ್ತಿದ್ದೆ, ಇಳಿಯುವುದಕ್ಕೆ ಮಾತ್ರ ಆಗಲಿಲ್ಲ. ಪ್ರತಿ ಹೆಜ್ಜೆಗೂ ಮಂಡಿ ಕುಸಿದ ಹಾಗೆ. ಪಕ್ಕದಲ್ಲಿ ಎಪ್ಪತ್ತರ ಹತ್ತಿರದ ಒಬ್ಬರು ಟಪಟಪ ಅಂತ ಸಣ್ಣ ಹೆಜ್ಜೆ ಹಾಕುತ್ತಾ ದಾಟಿಕೊಂಡು ಹೋದರು. ಆ ಟಪಟಪ ಸದ್ದು ಈಗಲೂ ಕಿವಿಯಲ್ಲಿದೆ.

ಹಾಗಾಗಿ ತಯಾರಿಯಲ್ಲಿ ಇಳಿಯುವುದನ್ನು ಕಲಿಯಿರಿ. ಓಟ ಏಪ್ರಿಲ್‌ನ ಮೂರನೇ ಸೋಮವಾರ, ಪೇಟ್ರಿಯಟ್ಸ್ ಡೇ ರಜೆಯ ದಿನ. ಡಿಸೆಂಬರ್ ಮಧ್ಯದಲ್ಲಿ ಶುರು ಮಾಡಿದರೆ 18 ವಾರ ಸಿಗುತ್ತೆ. ಮೊದಲ ತಿಂಗಳು ಸುಮ್ನೆ ಮೈಲಿ ಸೇರಿಸಿ. ಆಮೇಲೆ ವಾರಕ್ಕೊಮ್ಮೆ ಹಗುರವಾದ ಇಳಿಜಾರಿನಲ್ಲಿ 400 ಮೀಟರ್‌ನಂತೆ ನಾಲ್ಕು ಸಲ ಇಳಿಯಿರಿ, ನಿಧಾನವಾಗಿ ಆರಕ್ಕೆ, ಎಂಟಕ್ಕೆ ಏರಿಸಿ. ಹೆಜ್ಜೆ ಚಿಕ್ಕದು, ಮೈ ಸ್ವಲ್ಪ ಮುಂದಕ್ಕೆ, ಪಾದ ದೇಹದ ಕೆಳಗೇ ಬೀಳಬೇಕು. ಮುಂದಕ್ಕೆ ಚಾಚಿ ಹಿಮ್ಮಡಿ ಊರಿದರೆ ಅದೇ ಬ್ರೇಕ್. ಮೊದಲ ಸಲ ಎರಡು ದಿನ ಮೆಟ್ಟಿಲಿಳಿಯಲು ಒದ್ದಾಡುತ್ತೀರಿ. ಎರಡನೇ ಸಲ ಅಷ್ಟು ನೋಯಲ್ಲ. ಒಮ್ಮೆ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅಂಥದ್ದೇ ಪೆಟ್ಟನ್ನು ತಡೆದುಕೊಳ್ಳುತ್ತೆ. ಈ ಗುಣ ನಮಗೆ ಬೇಕು. ಕೊನೆಯ ಜೋರು ಇಳಿತವನ್ನು ಓಟಕ್ಕೆ ಮೂರು ವಾರ ಮುಂಚೆ ಮುಗಿಸಿ.

ನಿಮ್ಮ ಸುತ್ತಮುತ್ತ ಎಲ್ಲಾ ಸಪಾಟೇ ಇರಬಹುದು. ಬಹುಮಹಡಿ ಪಾರ್ಕಿಂಗ್‌ನ ರ್ಯಾಂಪ್ ಆದರೂ ಸಾಕು, ವಾಹನ ಕಡಿಮೆ ಇರುವ ಹೊತ್ತು ನೋಡಿಕೊಳ್ಳಿ. ಅದೂ ಇಲ್ಲ ಅಂದರೆ ಒಂದು ಮೆಟ್ಟಿಲ ಮೇಲೆ ನಿಂತು ಒಂದೇ ಕಾಲಲ್ಲಿ ನಾಲ್ಕು ಎಣಿಸುವಷ್ಟು ನಿಧಾನವಾಗಿ ಕೆಳಗಿಳಿಯುವ ವ್ಯಾಯಾಮ ಮಾಡಿ. ಲಾಂಗ್ ರನ್‌ಗೆ ಜಾಗ ಆರಿಸುವಾಗಲೂ ಆರಂಭದಲ್ಲಿ ಇಳಿತ, ಕೊನೆಯ ಮೂರನೇ ಒಂದು ಭಾಗದಲ್ಲಿ ಏರು ಬರುವಂತೆ ನೋಡಿ. ಉಳಿದಿದ್ದೆಲ್ಲ ಯಾವುದೇ ಮ್ಯಾರಥಾನ್‌ನ ತಯಾರಿಯೇ: 30–32 ಕಿಲೋಮೀಟರ್‌ನ ಲಾಂಗ್ ರನ್ ಮೂರ್ನಾಲ್ಕು, ಕೊನೆಗೆ ಎರಡು ಮೂರು ವಾರ ಟೇಪರ್, ಅಂದರೆ ಓಟ ಕಡಿಮೆ ಮಾಡುತ್ತಾ ಬರುವುದು. ಎರಡು ಓಡಿದವರಿಗೆ ಅದನ್ನು ನಾನು ಹೇಳಬೇಕಾಗಿಲ್ಲ.

ಇನ್ನೊಂದನ್ನು ಮಾತ್ರ ಹೇಳಲೇಬೇಕು, ಗಡಿಯಾರದ ವಿಷಯ. ಬೇರೆ ಎಷ್ಟೋ ಓಟಗಳು ಬೆಳಿಗ್ಗೆ ಏಳಕ್ಕೋ ಎಂಟಕ್ಕೋ ಶುರು. ಇಲ್ಲಿ ಸಾಮಾನ್ಯ ಓಟಗಾರರ ಗುಂಪುಗಳು ಹೊರಡುವುದೇ 10 ಗಂಟೆಯ ಸುಮಾರಿನಿಂದ. ಹಿಂದಿನ ಗುಂಪಿಗೆ 11 ದಾಟುತ್ತೆ. ಆದರೆ ಎದ್ದಿರುವುದು ಐದಕ್ಕೆ. ಐದಕ್ಕೆ ತಿಂದಿದ್ದು ಹತ್ತೂವರೆಗೆ ಕರಗಿ ಹೊಟ್ಟೆ ತಾಳ ಹಾಕುತ್ತೆ. ಅದಕ್ಕೇ ಕನಿಷ್ಠ ಮೂರು ಲಾಂಗ್ ರನ್‌ಗಳನ್ನು ಐದಕ್ಕೆ ಎದ್ದು, ಎರಡು ಸಲ ತಿಂದು, ಹತ್ತೂವರೆಗೆ ಶುರು ಮಾಡಿ. ಮನೆಯವರು ಬೈಯ್ಯುತ್ತಾರೆ, ಭಾನುವಾರ ಪೂರ್ತಿ ಹಾಳು ಅಂತ. ಬೈಸಿಕೊಳ್ಳಿ. ಎರಡನೇ ತಿಂಡಿ ಏನು, ಎಷ್ಟು ಹೊತ್ತು ಮುಂಚೆ ಅನ್ನುವುದು ಪ್ರತಿಯೊಬ್ಬರಿಗೂ ಬೇರೆ. ನನಗೆ ಒಂದೂವರೆ ಗಂಟೆ ಮುಂಚೆ ಬಾಳೆಹಣ್ಣು, ಬ್ರೆಡ್ ಹಿಡಿಸಿತು.

ಹವಾಮಾನದ ಬಗ್ಗೆ ಯಾರ ಭರವಸೆಯನ್ನೂ ನಂಬಬೇಡಿ. 2012ರಲ್ಲಿ 30 ಡಿಗ್ರಿ ದಾಟಿತ್ತು. ಬಿಬ್ (ಎದೆಗೆ ಹಾಕುವ ಸಂಖ್ಯೆಯ ಚೀಟಿ) ತೆಗೆದುಕೊಂಡವರು ಬೇಕಿದ್ದರೆ ಮುಂದಿನ ವರ್ಷ ಓಡಿ ಅಂತ ಆಯೋಜಕರೇ ಹೇಳಿದರು. 2018ರಲ್ಲಿ 5 ಡಿಗ್ರಿಯ ಆಸುಪಾಸು, ಸುರಿಯುವ ಮಳೆ, ಎದುರುಗಾಳಿ. ಘಟಾನುಘಟಿಗಳು ಎಷ್ಟೋ ಜನ ಅರ್ಧಕ್ಕೇ ನಿಂತರು. ಮಹಿಳೆಯರಲ್ಲಿ ಗೆದ್ದ ಡೆಸ್ ಲಿಂಡೆನ್ ಕೂಡ ಶುರುವಿನಲ್ಲಿ ಬಿಟ್ಟುಬಿಡೋಣ ಅಂದುಕೊಂಡಿದ್ದರಂತೆ. ಅವರ ಸಮಯ 2:39:54. ಹಾಗಾಗಿ ಬ್ಯಾಗಿನಲ್ಲಿ ತೋಳಿಲ್ಲದ ಬನಿಯನ್ನೂ ಇರಲಿ, ಗ್ಲೌಸೂ ಇರಲಿ. ಚಳಿಯಲ್ಲೇ ತಯಾರಿ ಮಾಡಿದವರಿಗೆ 22 ಡಿಗ್ರಿಯೂ ಬೆಂಕಿ ಅನಿಸುತ್ತೆ. ಕೊನೆಯ ಎರಡು ವಾರ ಓಡಿದ ಮೇಲೆ ಇಪ್ಪತ್ತು ನಿಮಿಷ ಬಿಸಿನೀರಿನ ತೊಟ್ಟಿಯಲ್ಲಿ ಕೂತರೆ ಮೈ ಸ್ವಲ್ಪ ಹೊಂದಿಕೊಳ್ಳುತ್ತೆ. ತಲೆ ಸುತ್ತಿದರೆ ತಕ್ಷಣ ಹೊರಗೆ ಬನ್ನಿ.

ಈಗ ಪ್ರಯಾಣ. ಸೋಮವಾರದಿಂದ ಹಿಂದಕ್ಕೆ ಎಣಿಸಿ. ಓಟದ ದಿನ ಬಿಬ್ ಕೊಡುವುದಿಲ್ಲ. ಶುಕ್ರವಾರದಿಂದ ಭಾನುವಾರದೊಳಗೆ ಹೈನ್ಸ್ ಕನ್ವೆನ್ಷನ್ ಸೆಂಟರ್‌ಗೆ ನೀವೇ ಹೋಗಿ, ಫೋಟೋ ಇರುವ ಗುರುತಿನ ಚೀಟಿ ತೋರಿಸಿ ತೆಗೆದುಕೊಳ್ಳಬೇಕು. ಗೆಳೆಯರನ್ನು ಕಳಿಸಿದರೆ ನಡೆಯಲ್ಲ. ಭಾನುವಾರದ ವಿಮಾನ ತಡವಾಗಿ ಹೊತ್ತು ಮೀರಿತು ಅನ್ನಿ, ನಾಲ್ಕು ತಿಂಗಳ ಬೆವರು ನೀರಲ್ಲಿ ಹೋಮ. ಶುಕ್ರವಾರ ಬನ್ನಿ, ಇಲ್ಲವೇ ಶನಿವಾರ ಮಧ್ಯಾಹ್ನದೊಳಗೆ. ಸಮಯದ ವ್ಯತ್ಯಾಸ ಜಾಸ್ತಿ ಇರುವ ದೇಶದಿಂದ ಬರುವುದಾದರೆ ಇನ್ನೂ ಎರಡು ಮೂರು ದಿನ ಮುಂಚೆ. ವೀಸಾ ಬೇಕಿದ್ದರೆ ಆ ಕೆಲಸವನ್ನು ಇವತ್ತೇ ಶುರು ಮಾಡಿ. ಓಟದಲ್ಲಿ ಜಾಗ ಸಿಕ್ಕಿತು ಅಂತ ವೀಸಾ ಸಿಗಬೇಕೆಂದೇನಿಲ್ಲ.

ಹೋಟೆಲ್ ವಿಷಯದಲ್ಲಿ ಮೂಗಿಗಿಂತ ಮೂಗುತಿ ಭಾರ. ಮುಕ್ತಾಯದ ಗೆರೆ ಇರುವ ಬ್ಯಾಕ್ ಬೇ ಸುತ್ತ ಆ ವಾರಾಂತ್ಯದ ಬಾಡಿಗೆ ಕೇಳಿದರೆ ಓಡುವ ಮುಂಚೆಯೇ ಎದೆ ಬಡಿದುಕೊಳ್ಳುತ್ತೆ. ನಾನು ಎರಡನೇ ಸಲ ಬಾಸ್ಟನ್ ಪಕ್ಕದ ಕ್ವಿನ್ಸಿಯಲ್ಲಿ ಉಳಿದೆ. ಅಲ್ಲಿಂದ ರೆಡ್ ಲೈನ್ ರೈಲು ಹತ್ತಿದರೆ ಬದಲಾಯಿಸದೆ ಪಾರ್ಕ್ ಸ್ಟ್ರೀಟ್ ನಿಲ್ದಾಣ. ಮೆಟ್ಟಿಲು ಹತ್ತಿದರೆ ಎದುರಿಗೇ ಬಾಸ್ಟನ್ ಕಾಮನ್ ಉದ್ಯಾನ. ಬೆಳಿಗ್ಗೆ ಹಾಪ್ಕಿಂಟನ್‌ಗೆ ಹೋಗುವ ಬಸ್ಸುಗಳು ಹೊರಡುವುದೂ ಅಲ್ಲಿಂದಲೇ. ಲೋಗನ್ ವಿಮಾನ ನಿಲ್ದಾಣದಿಂದ ಊರೊಳಗೆ ಬರುವ ಸಿಲ್ವರ್ ಲೈನ್ ಬಸ್ಸಿಗೆ ದುಡ್ಡಿಲ್ಲ. ಸೌತ್ ಸ್ಟೇಷನ್‌ನಲ್ಲಿ ಇಳಿದರೆ ಅದೇ ರೆಡ್ ಲೈನ್. ರದ್ದು ಮಾಡಿದರೆ ಹಣ ವಾಪಸ್ ಕೊಡುವ ಕೋಣೆಯನ್ನೇ ಆರಿಸಿ. ನಡುವೆ ಕಾಲು ಕೈಕೊಟ್ಟರೆ ಜೇಬಾದರೂ ಉಳಿಯಲಿ. ಓಟದ ದಿನ ಮುಕ್ತಾಯದ ಗೆರೆ ಹತ್ತಿರದ ಕಾಪ್ಲಿ ರೈಲು ನಿಲ್ದಾಣ ಮುಚ್ಚಿರುತ್ತೆ, ಮನೆಯವರಿಗೆ ಹೇಳಿಡಿ.

ಶೂ, ಓಡುವ ಬಟ್ಟೆ, ಓಡುವಾಗ ಶಕ್ತಿಗೆ ತಿನ್ನುವ ಜೆಲ್ ಇವು ಕೈಚೀಲದಲ್ಲೇ ಇರಲಿ. ಎರಡನೇ ಸಲ ನನ್ನ ದೊಡ್ಡ ಬ್ಯಾಗು ಬಂದಿದ್ದು ಒಂದು ದಿನ ತಡವಾಗಿ. ಶೂ ಹೆಗಲಲ್ಲಿತ್ತು, ಬದುಕಿದೆ. ಆದರೆ ಜೆಲ್ ಅನ್ನು ವಿಮಾನ ನಿಲ್ದಾಣದವರು ದ್ರವ ಅಂತಲೇ ಲೆಕ್ಕ ಹಾಕುತ್ತಾರೆ. ಸಣ್ಣ ಪಾರದರ್ಶಕ ಚೀಲದಲ್ಲಿ ಹಿಡಿಸುವಷ್ಟು ಮಾತ್ರ ಇಟ್ಟುಕೊಳ್ಳಿ, ಉಳಿದದ್ದು ದೊಡ್ಡ ಬ್ಯಾಗಿಗೆ.

ಊರು ನೋಡುವುದನ್ನು ಮಂಗಳವಾರಕ್ಕೆ ಇಡಿ. ಮೊದಲ ಸಲ ಶನಿವಾರ ಹಾರ್ವರ್ಡ್, ಬಂದರು, ಹಳೇ ಬೀದಿಗಳು ಅಂತ 24,000 ಹೆಜ್ಜೆ ನಡೆದಿದ್ದೆ. ಹೋಟೆಲ್‌ಗೆ ಬಂದು ಫೋನ್ ನೋಡಿದಾಗ ಹೆಮ್ಮೆ ಬೇರೆ!

ಸೋಮವಾರ ಬೆಳಿಗ್ಗೆ ಮುಕ್ತಾಯದ ನಂತರ ಬೇಕಾಗುವ ಬಟ್ಟೆಯ ಚೀಲವನ್ನು ಬಸ್ ಹತ್ತುವ ಮುಂಚೆ ಬಾಸ್ಟನ್‌ನಲ್ಲೇ ಕೊಟ್ಟುಬಿಡಬೇಕು. ಆಮೇಲೆ ಹಳದಿ ಶಾಲಾ ಬಸ್ಸು. ಅದು ಹೋಗುತ್ತೆ, ಹೋಗುತ್ತೆ, ಹೋಗುತ್ತಲೇ ಇರುತ್ತೆ. ಇಷ್ಟು ದೂರವನ್ನು ವಾಪಸ್ ಓಡಬೇಕಾ ಅಂತ ಎಲ್ಲರ ಮುಖದಲ್ಲೂ ಬರೆದಿರುತ್ತೆ. ಹಾಪ್ಕಿಂಟನ್‌ನಲ್ಲಿ ಶಾಲೆಯ ಮೈದಾನ. ನನ್ನ ಮೊದಲ ಸಲ ಹುಲ್ಲು ಒದ್ದೆ, ಕೂರಲು ಏನೂ ತಂದಿರಲಿಲ್ಲ. ಹೆಚ್ಚುಕಮ್ಮಿ ಎರಡು ಗಂಟೆ ನಿಂತೇ ಕಳೆದೆ. ಎರಡನೇ ಸಲ ಹಳೇ ಸ್ವೆಟರು, ಹಳೇ ಪ್ಯಾಂಟು, ಕೂರಲು ಕಸದ ದೊಡ್ಡ ಚೀಲ, ಶೂ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಕವರು ಸಿಕ್ಕಿಸಿ ರಬ್ಬರ್ ಬ್ಯಾಂಡು. ನೋಡಲು ಭಿಕ್ಷುಕನ ವೇಷ, ಆದರೆ ಕಾಲು ಬೆಚ್ಚಗೆ, ಒಣಗಿತ್ತು. ಹೊರಡುವ ಮುಂಚೆ ಬಿಟ್ಟ ಬಟ್ಟೆಗಳನ್ನು ಆಯೋಜಕರು ದಾನಕ್ಕೆ ಕೊಡುತ್ತಾರೆ, ಹಾಗಾಗಿ ಒಗೆದು ತನ್ನಿ.

ಮೊದಲ ಐದು ಮೈಲಿ ಗುರಿಗಿಂತ ಮೈಲಿಗೆ ಹತ್ತು ಸೆಕೆಂಡ್ ನಿಧಾನ. ಜನ ನಿಮ್ಮನ್ನು ದಾಟಿ ಹೋಗುತ್ತಲೇ ಇರುತ್ತಾರೆ, ಹೋಗಲಿ. ಅರ್ಧ ದಾರಿಗೆ ಸ್ವಲ್ಪ ಮುಂಚೆ ವೆಲ್ಸ್‌ಲಿ ಕಾಲೇಜಿನ ಹುಡುಗಿಯರ ಕೂಗು ಕಾಣುವ ಮುಂಚೆಯೇ ಕೇಳಿಸುತ್ತೆ, ಅಲ್ಲೂ ಪೇಸ್ ಏರಿಸಬೇಡಿ. ಕೆನ್ಮೋರ್‌ನಲ್ಲಿ ದೊಡ್ಡ ಸಿಟ್ಗೋ ಫಲಕ ತಲೆ ಮೇಲೆ ಬಂದಾಗ ಉಳಿದಿರುವುದು ಒಂದು ಮೈಲಿ. ಆಮೇಲೆ ಹೆರೆಫೋರ್ಡ್‌ಗೆ ಬಲ, ಬಾಯ್ಲ್‌ಸ್ಟನ್‌ಗೆ ಎಡ. ಮುಕ್ತಾಯದ ಗೆರೆ ಕಣ್ಣೆದುರೇ ಇರುತ್ತೆ, ಬೇಗ ಬರಲ್ಲ.

ವಾಪಸ್ ವಿಮಾನ ಸೋಮವಾರ ರಾತ್ರಿ ಬೇಡ. ಮಂಗಳವಾರ ಮಧ್ಯಾಹ್ನದ ಮೇಲೆ, ನಡುದಾರಿ ಪಕ್ಕದ ಸೀಟು. ಪಾರ್ಕ್ ಸ್ಟ್ರೀಟ್ ನಿಲ್ದಾಣದ ಮೆಟ್ಟಿಲಲ್ಲಿ ಸೋಮವಾರ ಸಂಜೆ ಕೊರಳಲ್ಲಿ ಪದಕ ಹಾಕಿಕೊಂಡವರು ಸಾಲಾಗಿ ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿರುತ್ತಾರೆ. ಮೊದಲ ಸಲ ನಾನೂ ಆ ಸಾಲಿನಲ್ಲಿದ್ದೆ. ಎರಡನೇ ಸಲ ಮುಂದಕ್ಕೇ ಮುಖ ಮಾಡಿ ಇಳಿದೆ. ಕಂಬಿ ಮಾತ್ರ ಬಿಟ್ಟಿರಲಿಲ್ಲ.