ಓದುಗರ ಪ್ರಶ್ನೆ: ಹಳೆಯ ರೂಪಾಯಿಯಲ್ಲಿ ಬೆಳ್ಳಿ ಎಷ್ಟು?

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ 1862, 1907, 1919, 1942 ಮತ್ತು 1947ನೇ ಇಸವಿಯ ಒಂದು ರೂಪಾಯಿ ನಾಣ್ಯಗಳು ಸಿಕ್ಕಿವೆ. ಎಲ್ಲವೂ ಬೆಳ್ಳಿಯವೇ? ಅಂಗಡಿಯವರು ಎಲ್ಲಕ್ಕೂ ಒಂದೇ ದರ ಹೇಳುತ್ತಿದ್ದಾರೆ.
– ಓದುಗರೊಬ್ಬರು, ಹಾವೇರಿ

ಉತ್ತರ: ಒಂದೇ ದರಕ್ಕೆ ಒಪ್ಪಬೇಡಿ. ಕಂಪನಿ ಸರ್ಕಾರ 1835ರಲ್ಲಿ ಜಾರಿಗೆ ತಂದ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ನೂರಕ್ಕೆ 91.7ರಷ್ಟು ಬೆಳ್ಳಿ. ಈ ಅಳತೆ 1939ರ ಇಸವಿಯ ನಾಣ್ಯದವರೆಗೂ ಬದಲಾಗಲಿಲ್ಲವಾದ್ದರಿಂದ ನಿಮ್ಮ ಮೊದಲ ಮೂರು ನಾಣ್ಯಗಳಲ್ಲಿ ತಲಾ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ ಇದೆ. ಯುದ್ಧಕಾಲದಲ್ಲಿ, 1940ರಿಂದ 1945ರವರೆಗೆ, ತೂಕವನ್ನು ಹಾಗೆಯೇ ಉಳಿಸಿಕೊಂಡು ಬೆಳ್ಳಿಯ ಪಾಲನ್ನು ನೂರಕ್ಕೆ 50ಕ್ಕೆ ಇಳಿಸಿದರು. 1942ರ ನಾಣ್ಯದಲ್ಲಿರುವುದು 5.8 ಗ್ರಾಂ ಮಾತ್ರ. ಹಿಂಬದಿಯಲ್ಲಿ ಹುಲಿ ಇರುವ 1947ರ ರೂಪಾಯಿ ಪೂರ್ತಿ ನಿಕ್ಕಲ್. ಅಯಸ್ಕಾಂತ ಹಿಡಿದರೆ ಅದು ಅಂಟಿಕೊಳ್ಳುತ್ತದೆ, ಬೆಳ್ಳಿ ಅಂಟುವುದಿಲ್ಲ.

ಈ ಗ್ರಾಂ ಲೆಕ್ಕವನ್ನು ಮಾರುವ ದಿನದ ಬೆಳ್ಳಿ ದರದಿಂದ ಗುಣಿಸಿದರೆ ಲೋಹದ ಬೆಲೆ ತಿಳಿಯುತ್ತದೆ. ಅದರಲ್ಲಿ ಸ್ವಲ್ಪ ಸವಕಳಿ, ಕರಗಿಸುವ ಖರ್ಚು ಕಳೆಯುವುದು ವ್ಯಾಪಾರದ ರೂಢಿ. ನಕಲಿ ನಾಣ್ಯಗಳೂ ಬಹಳ ಇರುವುದರಿಂದ ಅಯಸ್ಕಾಂತವೊಂದನ್ನೇ ನಂಬಬೇಡಿ. ಅಕ್ಕಸಾಲಿಗರ ಸೂಕ್ಷ್ಮ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತಂದು, ದಾರ ಕಟ್ಟಿದ ನಾಣ್ಯವನ್ನು ತಳಕ್ಕೆ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವುದು ನಾಣ್ಯದ ಗಾತ್ರದಷ್ಟು ನೀರಿನ ತೂಕವನ್ನು; 1939ರವರೆಗಿನ ಅಸಲಿ ರೂಪಾಯಿಗೆ ಅದು ಸುಮಾರು 1.13 ಗ್ರಾಂ. ಅಷ್ಟೇ ತೂಕದ ಜರ್ಮನ್ ಸಿಲ್ವರ್ (ಬೆಳ್ಳಿಯೇ ಇಲ್ಲದ ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ) ಆದರೆ 1.3ರ ಮೇಲೆ ಹೋಗುತ್ತದೆ.

ಸಂಗ್ರಾಹಕರು ಕೊಡುವ ಬೆಲೆ ಬೇರೆ ಮಾತು, ಮತ್ತು ಅದಕ್ಕೂ ವಯಸ್ಸಿಗೂ ಸಂಬಂಧ ಕಡಿಮೆ. 1862 ಎಂಬ ಇಸವಿಯನ್ನೇ ಮುಂದೆ ಹಲವು ವರ್ಷ ಅಚ್ಚು ಹಾಕಿದ್ದರಿಂದ ಆ ನಾಣ್ಯ ಧಾರಾಳವಾಗಿ ಸಿಗುತ್ತದೆ. ಅದಕ್ಕಿಂತ ಎಷ್ಟೋ ಹೊಸದಾದ 1939ರ ರೂಪಾಯಿ ಅಪರೂಪ. ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಗಲಾಟೆಯಾಗಿ ಅಚ್ಚು ತಿದ್ದಬೇಕಾಗಿ ಬಂದ 1911ರ ರೂಪಾಯಿಗೂ ಬೇಡಿಕೆ ಇದೆ. ಸರಕ್ಕೆಂದು ಕೊಂಡಿ ಬೆಸೆದ ನಾಣ್ಯಕ್ಕೆ ಮಾತ್ರ ಬೆಳ್ಳಿಯ ಬೆಲೆಯಷ್ಟೇ. ಹುಣಸೆಹಣ್ಣು ಹಾಕಿ ಉಜ್ಜಿ ಬೆಳಗಿಸುವ ಉತ್ಸಾಹವನ್ನೂ ದಯವಿಟ್ಟು ತಡೆದುಕೊಳ್ಳಿ. ಕಪ್ಪಾಗಿದ್ದರೇ ಸಂಗ್ರಾಹಕರಿಗೆ ಇಷ್ಟ.

ಪ್ರಶ್ನೆ: ನಮ್ಮಲ್ಲಿ ಚಾರ್‌ಮಿನಾರ್ ಚಿತ್ರವಿರುವ ನಿಜಾಮರ ರೂಪಾಯಿಗಳಿವೆ. ಇವುಗಳಿಗೂ ಅದೇ ಲೆಕ್ಕವೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಅಲ್ಲ. ಹೈದರಾಬಾದ್ ಸಂಸ್ಥಾನದ, ‘ಹಾಲಿ’ ಎಂಬ ಹೆಸರಿನ ಈ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಬೆಳ್ಳಿ ನೂರಕ್ಕೆ 82ರ ಆಸುಪಾಸು. 1940ರ ದಶಕದಲ್ಲಿ ಅಲ್ಲಿಯೂ ಬೆಳ್ಳಿಯ ಪಾಲನ್ನು ನೂರಕ್ಕೆ 50ಕ್ಕೆ ಇಳಿಸಲಾಯಿತು.

ಪ್ರಶ್ನೆ: 1869–1948 ಎಂದು ಬರೆದಿರುವ ಗಾಂಧೀಜಿ ನಾಣ್ಯಗಳಿಗೆ ಲಕ್ಷಗಟ್ಟಲೆ ಹಣ ಕೊಡುವುದಾಗಿ ಒಬ್ಬರು ಫೋನ್ ಮಾಡಿ, ಮೊದಲು ನೋಂದಣಿ ಶುಲ್ಕ ಕಳಿಸಿ ಎನ್ನುತ್ತಿದ್ದಾರೆ.
– ಓದುಗರೊಬ್ಬರು, ತುಮಕೂರು

ಉತ್ತರ: ಒಂದು ಪೈಸೆಯನ್ನೂ ಕಳಿಸಬೇಡಿ. ತನ್ನ ಹೆಸರಿನಲ್ಲಿ ಶುಲ್ಕ ಕೇಳುವ ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಆ ಸರಣಿಯ ಹಳದಿ ಬಣ್ಣದ 20 ಪೈಸೆ ಅಲ್ಯುಮಿನಿಯಂ ಕಂಚು, 50 ಪೈಸೆ ಮತ್ತು ಒಂದು ರೂಪಾಯಿ ನಿಕ್ಕಲ್. ಹತ್ತು ರೂಪಾಯಿಯದು ಮಾತ್ರ ಬೆಳ್ಳಿಯದು: 15 ಗ್ರಾಂ ತೂಕದಲ್ಲಿ 12 ಗ್ರಾಂ ಬೆಳ್ಳಿ ಇರುವುದರಿಂದ, ಕೈಯಲ್ಲಿದ್ದರೆ ಅದನ್ನು ಹತ್ತಿರದ ನಂಬಿಕೆಯ ಅಂಗಡಿಯಲ್ಲಿ ತೂಗಿಸಿಯೇ ಮಾರಿ.