ಅಮೆರಿಕದಲ್ಲಿ ಪಕ್ಷದ ಒಳಗಿನವರ ಚುನಾವಣಾ ಲೆಕ್ಕಾಚಾರ ಬಿಟ್ಟು ನಂಬಿದ್ದಕ್ಕೇ ಅಂಟಿಕೊಂಡರೆ ಸೋಲು ಖಚಿತವೇ?

ಇಲ್ಲ. ಇದಕ್ಕೆ ಅಕ್ಟೋಬರ್ 2002ರ ಇರಾಕ್ ಯುದ್ಧದ ಮತದಾನ ನೋಡಿ. ಯುದ್ಧಕ್ಕೆ ರಿಪಬ್ಲಿಕನ್ ಅಧ್ಯಕ್ಷ ಬುಷ್‌ಗೆ ಅಧಿಕಾರ ಕೊಡುವ ನಿರ್ಣಯ ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ 77–23ರಿಂದ ಪಾಸಾಯಿತು. ಬುಷ್‌ ವಿರೋಧ ಪಕ್ಷದ 50 ಡೆಮಾಕ್ರಟರಲ್ಲೂ 29 ಮಂದಿ ಪರ. ಸಂಸತ್ ಚುನಾವಣೆಗೆ ಒಂದು ತಿಂಗಳೂ ಬಾಕಿ ಇರಲಿಲ್ಲ. 'ಯುದ್ಧಕ್ಕೆ ಹೂಂ ಅಂದುಬಿಡಿ, ಆ ವಿಷಯ ಅಲ್ಲಿಗೆ ಮುಗಿಯುತ್ತದೆ, ಆಮೇಲೆ ಆರ್ಥಿಕತೆಯ ಬಗ್ಗೆ ಮಾತಾಡಬಹುದು' ಎಂಬುದು ಡೆಮಾಕ್ರಟಿಕ್ ಪಕ್ಷದ ತಂತ್ರಗಾರರ ಲೆಕ್ಕ.

ವಿಷಯ ಮುಗಿಯಲಿಲ್ಲ. ಜಾರ್ಜಿಯಾದ ಡೆಮಾಕ್ರಟ್ ಸೆನೆಟರ್ ಮ್ಯಾಕ್ಸ್ ಕ್ಲೆಲೆಂಡ್ ಯುದ್ಧದ ಪರವಾಗಿಯೇ ಮತ ಹಾಕಿದ್ದರು. ವಿಯೆಟ್ನಾಂ ಯುದ್ಧದಲ್ಲಿ ಎರಡೂ ಕಾಲು, ಒಂದು ಕೈ ಕಳೆದುಕೊಂಡಿದ್ದ ಮನುಷ್ಯ. ಆದರೂ ಎದುರಾಳಿಗಳು, ಗೃಹಭದ್ರತಾ ಇಲಾಖೆ ರಚಿಸುವ ಮಸೂದೆಯ ವಿಷಯದಲ್ಲಿ ಅವರು ಬುಷ್‌ ವಿರುದ್ಧ ಮತ ಹಾಕಿದ್ದನ್ನೇ ಹಿಡಿದುಕೊಂಡು, ಬಿನ್ ಲಾಡೆನ್, ಸದ್ದಾಂ ಚಿತ್ರಗಳಿದ್ದ ಟಿವಿ ಜಾಹೀರಾತು ಹರಿಬಿಟ್ಟರು. ಕ್ಲೆಲೆಂಡ್ ಸೋತರು. ಎದುರಾಳಿಯ ಮಾತಿಗೆ ತಲೆದೂಗಿದರೆ ಚರ್ಚೆಯ ವಿಷಯ ಆರಿಸುವ ಅಧಿಕಾರವನ್ನೂ ಅವನ ಕೈಗೇ ಕೊಟ್ಟಂತೆ; ಲೆಕ್ಕ ತಪ್ಪಿದ್ದು ಇಲ್ಲೇ.

ಇನ್ನೊಂದು ಕಡೆ, ವಿಸ್ಕಾನ್ಸಿನ್ ರಾಜ್ಯದ ಡೆಮಾಕ್ರಟ್ ರಸ್ ಫೈನ್‌ಗೋಲ್ಡ್. ಭಯೋತ್ಪಾದನೆ ತಡೆಯಲು ಸರ್ಕಾರಕ್ಕೆ ಹೆಚ್ಚು ಕಣ್ಗಾವಲು ಅಧಿಕಾರ ಕೊಟ್ಟ ಪೇಟ್ರಿಯಟ್ ಕಾಯ್ದೆಯನ್ನು 2001ರಲ್ಲಿ ವಿರೋಧಿಸಿದ ಏಕೈಕ ಸೆನೆಟರ್ (98–1). ಇರಾಕ್ ಯುದ್ಧಕ್ಕೂ ಬೇಡ ಎಂದರು. 2004ರಲ್ಲಿ ಅದೇ ರಾಜ್ಯದಲ್ಲಿ, ಯುದ್ಧದ ಪರ ಮತ ಹಾಕಿದ್ದ ಜಾನ್ ಕೆರಿ ಅಧ್ಯಕ್ಷ ಅಭ್ಯರ್ಥಿಯಾಗಿ ಸುಮಾರು 11,000 ಮತಗಳಿಂದ ತಿಣುಕಿ ಗೆದ್ದರೆ, ಫೈನ್‌ಗೋಲ್ಡ್ ತಮ್ಮ ಸೆನೆಟ್ ಚುನಾವಣೆಯಲ್ಲಿ ಸುಮಾರು 55% ಮತ ಪಡೆದು ಗೆದ್ದರು.

ಹಾಗಂತ ನಂಬಿಕೆಯೇನೂ ರಕ್ಷಾಕವಚವಲ್ಲ: 2010ರ ರಿಪಬ್ಲಿಕನ್ ಅಲೆಯಲ್ಲಿ ಫೈನ್‌ಗೋಲ್ಡ್ ಕೂಡ ಸೋತರು. ಆದರೆ ಅಷ್ಟರಲ್ಲಿ, 2008ರಲ್ಲಿ, ಆ ಯುದ್ಧವನ್ನು ಮೊದಲೇ ವಿರೋಧಿಸಿದ್ದ ಒಬಾಮ, ಪರ ಮತ ಹಾಕಿದ್ದ ಹಿಲರಿ ಕ್ಲಿಂಟನ್ ಅವರನ್ನು ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಡೆಮಾಕ್ರಟಿಕ್ ಪಕ್ಷದ ಒಳ ಚುನಾವಣೆಯಲ್ಲಿ (ಪ್ರೈಮರಿ) ಸೋಲಿಸಿಯಾಗಿತ್ತು.